ದಯವಿಟ್ಟು ಆಕೆಯನ್ನು ಗಟ್ಟಿಗಿತ್ತಿ ಅನ್ನಬೇಡಿ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ತಂಬು ಚೆಟ್ಟಿ ಬೀದಿಗೆ ತಿರುಗಿದರೆ ಎರಡೂ ಕಡೆ ವಕೀಲರ ಬೋರ್ಡುಗಳು. ಅವುಗಳ ಕೆಳಗೆ ಜೆರಾಕ್ಸ್, ಟೈಪಿಂಗ್, ನೋಟರಿ. ಹಿಂದಿರುಗಿ ನೋಡಿದರೆ ರಸ್ತೆಯಾಚೆ ಹೈಕೋರ್ಟಿನ ಕೆಂಪು ಗುಮ್ಮಟಗಳು. ಊರಿನ ಕುಟುಂಬ ನ್ಯಾಯಾಲಯಗಳೂ ಅದೇ ಆವರಣದಲ್ಲಿವೆ. ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸಕ್ಕಾಗಿ ನಾನು ಆಗಾಗ ಈ ಬೀದಿಗೆ ಬರುತ್ತೇನೆ. ಲಗ್ನಪತ್ರಿಕೆ, ಪಹಣಿ, ಹಳೆಯ ಕಾಗದಗಳು, ಈಚೆಗೆ ಹೆಚ್ಚಾಗಿ ವಾಟ್ಸ್ಯಾಪ್ ಧ್ವನಿ ಸಂದೇಶಗಳು.

ಕಳೆದ ವರ್ಷ ಅಂಥದೊಂದು ಕೆಲಸ ಬಂತು. ಹಾಸನದ ಕಡೆಯ ಹೆಣ್ಣುಮಗಳು. ತಮಿಳುನಾಡಿನಲ್ಲಿ ಊಟದ ಮೆಸ್ ನಡೆಸುವ ಕನ್ನಡದ ಮನೆಗೆ ಮದುವೆಯಾಗಿ ಬಂದು ಹದಿನಾಲ್ಕು ವರ್ಷ ಆ ಮೆಸ್ಸಿನ ಒಲೆಯ ಮುಂದೆ ನಿಂತವರು. ಒಂದು ದಿನ ತವರಿನಿಂದ ಮರಳಿದಾಗ ಮನೆಯ ಬೀಗ ಬದಲಾಗಿತ್ತು. ಈಗ ಒಂದು ಕೋಣೆ ಬಾಡಿಗೆಗೆ ಹಿಡಿದು, ಚಪಾತಿ, ಹೋಳಿಗೆ ಮಾಡಿ ಅಪಾರ್ಟ್‌ಮೆಂಟುಗಳಿಗೆ ಕೊಡುತ್ತಾರೆ. ಮಗಳನ್ನು ಓದಿಸುತ್ತಿದ್ದಾರೆ. ಜೀವನಾಂಶಕ್ಕೆ ಹಾಕಿದ ಅರ್ಜಿಯ ಕಥೆ ಒಂದು ತಾರೀಖಿನಿಂದ ಇನ್ನೊಂದು ತಾರೀಖಿಗೆ ಹೋಗುತ್ತಲೇ ಇತ್ತು.

ಕೆಲಸ ಮುಗಿದ ದಿನ ನಾನು ಮೆಚ್ಚುಗೆಯಿಂದಲೇ ಹೇಳಿದೆ: "ನೀವು ನಿಜವಾಗ್ಲೂ ಗಟ್ಟಿಗಿತ್ತಿ. ನಿಮ್ಮ ಕಥೆ ಯಾರಾದ್ರೂ ಬರೀಬೇಕು."

ಅವರು ತಕ್ಷಣ ತಲೆಯಾಡಿಸಿದರು. "ಹಾಗನ್ಬೇಡಿ ಸರ್. ಆ ಕಡೆ ವಕೀಲ್ರೂ ಅದನ್ನೇ ಹೇಳ್ತಾವ್ರೆ. ಗಟ್ಟಿಯಾಗವ್ಳೆ, ದುಡೀತಾವ್ಳೆ, ಇವಳಿಗ್ಯಾಕೆ ಜೀವನಾಂಶ ಅಂತ."

ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಹೊಗಳಿಕೆ ಎಂದುಕೊಂಡು ಕೊಟ್ಟ ಪದ ಅವರ ವಿರುದ್ಧದ ಸಾಕ್ಷ್ಯವಾಗಿತ್ತು. ಹಾಗಾಗಿ ಈ ಲೇಖನ ಒಂದು ಜಗಳ. ಜಗಳ ಮೊದಲು ನನ್ನ ಜೊತೆಗೆ, ಆಮೇಲೆ ನಿಮ್ಮ ಜೊತೆಗೆ.

ನಮ್ಮಲ್ಲಿ ಒಂದು ಬಗೆಯ ಕಥೆಗೆ ಎಂದೂ ಬರ ಇಲ್ಲ. ಗಂಡ ಕುಡುಕನೋ ಕ್ರೂರಿಯೋ ಆಗಿರುತ್ತಾನೆ, ಅವಳು ಸಹಿಸುತ್ತಾಳೆ, ಒಂದು ದಿನ ಹೊರಗೆ ಬರುತ್ತಾಳೆ, ಹೊಲಿಗೆ ಯಂತ್ರವೋ ಹಪ್ಪಳವೋ ಆಟೋ ರಿಕ್ಷಾವೋ ಅವಳ ಕೈ ಹಿಡಿಯುತ್ತದೆ, ಮಗ ಇಂಜಿನಿಯರ್ ಆಗುತ್ತಾನೆ. ಮಹಿಳಾ ದಿನಾಚರಣೆಯ ಪುರವಣಿಯಲ್ಲಿ, ಟೀವಿಯಲ್ಲಿ, ಫೇಸ್‌ಬುಕ್ಕಿನಲ್ಲಿ ನಾವು ಅದನ್ನು ಓದಿ ಕಣ್ಣೊರೆಸಿಕೊಂಡು ಮುಂದಕ್ಕೆ ಕಳಿಸುತ್ತೇವೆ. ಆ ಹೆಂಗಸರ ಬದುಕು ಸುಳ್ಳಲ್ಲ. ಸುಳ್ಳಾಗಿರುವುದು ಅದರಿಂದ ನಾವು ತೆಗೆಯುವ ನೀತಿ: ನೋವು ಅವಳನ್ನು ಗಟ್ಟಿ ಮಾಡಿತು, ಗಟ್ಟಿತನ ಅವಳನ್ನು ಸ್ವತಂತ್ರಳನ್ನಾಗಿ ಮಾಡಿತು.

ಇಲ್ಲ. ನೋವು ಯಾರನ್ನೂ ಸ್ವತಂತ್ರರನ್ನಾಗಿ ಮಾಡುವುದಿಲ್ಲ. ಮಲಗಲು ಒಂದು ಜಾಗ, ಸಮಯಕ್ಕೆ ಸರಿಯಾಗಿ ಕೈಗೆ ಬರುವ ದುಡ್ಡು, ತನ್ನ ಹೆಸರಿನಲ್ಲಿರುವ ಕಾಗದ, ಇವು ಮಾಡುತ್ತವೆ. ಅವು ಇದ್ದವಳು ಗಟ್ಟಿಯಾಗಿ ಕಾಣುತ್ತಾಳೆ. ಇಲ್ಲದವಳು ಅದೇ ಮನೆಯಲ್ಲಿ ಉಳಿದುಬಿಡುತ್ತಾಳೆ, ಅಥವಾ ಉಳಿಯುವುದೇ ಇಲ್ಲ. ಉಳಿಯದವರ ಬಗ್ಗೆ ಪುರವಣಿಗಳು ಬರೆಯುವುದಿಲ್ಲ. ಬದುಕಿ ಬಂದವರನ್ನಷ್ಟೇ ಎಣಿಸಿ, ನೋವೇ ಅವರನ್ನು ಬದುಕಿಸಿತು ಎಂದರೆ ಅದು ಲೆಕ್ಕವೇ ಅಲ್ಲ.

ಭಾಷೆಯಿಂದಲೇ ಶುರುಮಾಡುತ್ತೇನೆ, ನನಗೆ ಗೊತ್ತಿರುವ ಕಸುಬು ಅದೊಂದೇ.

ಆ ಧ್ವನಿ ಸಂದೇಶಗಳಲ್ಲಿ ಒಂದರಲ್ಲಿ ನಾದಿನಿ ಹೇಳುತ್ತಾಳೆ: "ಗಂಡ ಬಿಟ್ಟೋಳಿಗೆ ಎಂಥ ಮರ್ಯಾದೆ?" ಇದನ್ನು ಇಂಗ್ಲಿಷಿಗೆ ಹೇಗೆ ಮಾಡುವುದು? ಗಂಡ ಯಾರನ್ನು ಬಿಟ್ಟನೋ ಅವಳೇ? ಗಂಡನನ್ನು ಯಾರು ಬಿಟ್ಟಳೋ ಅವಳೇ? ಬರಹದಲ್ಲಿ "ಗಂಡನನ್ನು ಬಿಟ್ಟವಳು" ಎಂದು ವಿಭಕ್ತಿ ಹಚ್ಚಿ ಬೇರೆ ಮಾಡಬಹುದು. ಆಡುಮಾತಿನಲ್ಲಿ ಅದು ಉದುರಿಹೋಗುತ್ತದೆ. ಊರು ಬಿಟ್ಟವನು, ಶಾಲೆ ಬಿಟ್ಟವನು, ಗಂಡ ಬಿಟ್ಟವಳು, ಎಲ್ಲ ಒಂದೇ ಅಚ್ಚು. ಬಿಟ್ಟದ್ದು ಯಾರು ಎಂದು ಕೇಳುವ ಅಗತ್ಯವೇ ಊರಿಗೆ ಬಿದ್ದಿಲ್ಲ. ಎರಡರಲ್ಲಿ ಯಾವುದಾದರೂ ತಪ್ಪು ಅವಳದೇ ಆಗಿತ್ತು. "ಹೆಂಡತಿ ಬಿಟ್ಟವನು" ಎಂದು ಒಬ್ಬ ಗಂಡಸಿಗೆ ಜೀವಮಾನದ ಹೆಸರು ಅಂಟಿದ್ದನ್ನು ನಾನು ಕೇಳಿಲ್ಲ.

ಊರಿಗೆ ಬೇಡದ ಆ ಪ್ರಶ್ನೆ ಕೋರ್ಟಿಗೆ ಬೇಕು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ವರ್ಷ ಬಿಟ್ಟುಹೋಗಿರುವುದು ವಿಚ್ಛೇದನಕ್ಕೆ ಒಂದು ಕಾರಣ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿರುವುದು, ತಕ್ಕ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶವಿಲ್ಲ ಎನ್ನುತ್ತದೆ. ಅಂದರೆ "ಬಿಟ್ಟೋಳು" ಎಂಬ ಪದವನ್ನು ನಾನು ಯಾವ ಕಡೆಗೆ ತಿರುಗಿಸುತ್ತೇನೆ ಎನ್ನುವುದು ಒಂದು ಮಗುವಿನ ಶಾಲೆಯ ಫೀಸಿನ ತನಕ ಹೋಗಬಹುದು. ನಾನು ಅವರನ್ನೇ ಕೇಳಿದೆ. "ಬೀಗ ಬದಲಾಯಿಸಿದ್ದು ಅವ್ರು, ಹೊರಗೆ ನಿಂತಿದ್ದು ನಾನು. ಯಾರು ಬಿಟ್ರು ಅಂತ ನೀವೇ ಬರ್ಕೊಳಿ" ಎಂದರು. ಎರಡೂ ಅರ್ಥ ಬರೆದು ಅಡಿಟಿಪ್ಪಣಿ ಹಾಕಿದೆ. ಅಡಿಟಿಪ್ಪಣಿಯಲ್ಲಿ ನಿಂತವರು ಅವರೊಬ್ಬರೇ ಅಲ್ಲ. 2011ರ ಜನಗಣತಿಯಲ್ಲಿ ವಿಚ್ಛೇದನ ಪಡೆದವರು ಸುಮಾರು 13.6 ಲಕ್ಷ, ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುತ್ತಿದ್ದವರು ಅದಕ್ಕಿಂತ ಎಷ್ಟೋ ಹೆಚ್ಚು. ಎರಡರಲ್ಲೂ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ನಾವು ವಿಚ್ಛೇದನ ಹೆಚ್ಚಾಯಿತು ಎಂದು ಗೋಳಾಡುತ್ತೇವೆ. ನಮ್ಮ ದೊಡ್ಡ ಗುಂಪು ಇರುವುದು ಇತ್ತ ಮದುವೆಯೂ ಅಲ್ಲದ ಅತ್ತ ಬಿಡುಗಡೆಯೂ ಅಲ್ಲದ ಹೊಸ್ತಿಲ ಮೇಲೆ.

ಈಗ ರಸ್ತೆಯಾಚೆಯ ಕೆಂಪು ಕಟ್ಟಡಕ್ಕೆ ಬನ್ನಿ. 1862ರಲ್ಲಿ ಶುರುವಾದ ಮದ್ರಾಸ್ ಹೈಕೋರ್ಟು 1892ರಿಂದ ಈ ಕಟ್ಟಡದಲ್ಲಿದೆ. ಕನ್ನಡದವರು ಇದನ್ನು ತಮಿಳರ ಕೋರ್ಟು ಎಂದುಕೊಳ್ಳಬಾರದು. ಬಳ್ಳಾರಿ 1953ರ ತನಕ, ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲ 1956ರ ತನಕ ಮದ್ರಾಸಿಗೆ ಸೇರಿದ್ದವು. ನಮ್ಮ ಅಜ್ಜಿಯರಲ್ಲಿ ಅನೇಕರ ಮದುವೆಯ ಅರ್ಥವನ್ನು ತೀರ್ಮಾನಿಸಿದ್ದು ಈ ಗುಮ್ಮಟದ ಕೆಳಗೆ.

ಕರಾವಳಿಯ ಅಳಿಯಸಂತಾನದ ಮನೆಗಳನ್ನು ನೆನೆಯಿರಿ. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿತ್ತು. ಮದುವೆಯಾದ ಹೆಣ್ಣಿಗೂ ತಾಯಿಮನೆಯಲ್ಲಿ ಪಾಲು, ಜಾಗ, ಮಕ್ಕಳಿಗೆ ಅದೇ ಕುಟುಂಬದ ಹೆಸರು. ಗಂಡ ಸರಿಯಿಲ್ಲದಿದ್ದರೆ ಸಂಬಂಧ ಮುರಿಯಬಹುದಿತ್ತು, ಇನ್ನೊಂದು ಆಗಬಹುದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಈ ಹೈಕೋರ್ಟು ಅಂಥ ಸಂಬಂಧವನ್ನು ಕಾನೂನಿನ ಅರ್ಥದ ಮದುವೆಯೇ ಅಲ್ಲ ಎಂದುಬಿಟ್ಟಿತು. ಸುಲಭವಾಗಿ ಬಿಡಬಹುದಾದದ್ದು ಮದುವೆ ಹೇಗಾದೀತು ಎನ್ನುವುದು ಅದರ ತರ್ಕ. ಹೆಣ್ಣು ಹೊರಗೆ ಹೋಗಲಾರದಂತೆ ಬಾಗಿಲು ಹಾಕಿದ್ದರೆ ಮಾತ್ರ ಅದು ಮದುವೆ! ಕೊನೆಗೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆ ಮದುವೆಗಳಿಗೂ ಅವುಗಳ ಬಿಡುಗಡೆಗೂ ಕಾನೂನಿನ ರೂಪ ಕೊಟ್ಟಿತು. ಅದೇ ವರ್ಷ ಬಂದ ಇನ್ನೊಂದು ಮದ್ರಾಸ್ ಕಾಯ್ದೆ ಹಿಂದೂಗಳಲ್ಲಿ ಎರಡನೇ ಹೆಂಡತಿಯನ್ನು ನಿಷೇಧಿಸಿ ವಿಚ್ಛೇದನಕ್ಕೆ ದಾರಿ ಮಾಡಿತು, ಕೇಂದ್ರದ ಕಾಯ್ದೆಗಿಂತ ಆರು ವರ್ಷ ಮೊದಲು.

ಅಳಿಯಸಂತಾನವನ್ನು ಸ್ವರ್ಗ ಮಾಡುವುದು ನನ್ನ ಉದ್ದೇಶವಲ್ಲ. ಬಹಳಷ್ಟು ಮನೆಗಳಲ್ಲಿ ಯಜಮಾನಿಕೆ ಮಾವಂದಿರ ಕೈಯಲ್ಲೇ ಇತ್ತು. ನಾನು ಹೇಳುವುದು ಇಷ್ಟು: ಆ ಹೆಂಗಸರು ಘಟ್ಟದ ಮೇಲಿನ ಹೆಂಗಸರಿಗಿಂತ ಸ್ವಭಾವದಲ್ಲಿ ಗಟ್ಟಿಯಾಗಿದ್ದರು ಎಂದು ಯಾರೂ ಸಾಧಿಸಲಾರರು. ಅವರಿಗೆ ವಾಪಸು ಹೋಗಲು ಮನೆ ಇತ್ತು, ಆ ಮನೆಯಲ್ಲಿ ಅವರು ನೆಂಟರಾಗಿರಲಿಲ್ಲ. ಉತ್ತರ ಕರ್ನಾಟಕದಲ್ಲಿ, ಬಯಲುಸೀಮೆಯಲ್ಲಿ ದುಡಿಯುವ ಜಾತಿಗಳ ಹೆಂಗಸರು ಪಂಚರ ಮುಂದೆ ಬಿಡುಗಡೆ ಮಾಡಿಸಿಕೊಂಡು, ಉಡಿಕೆಯಲ್ಲೋ ಕೂಡಿಕೆಯಲ್ಲೋ ಮತ್ತೊಂದು ಸಂಸಾರ ಹೂಡುತ್ತಿದ್ದರು. ಅವರಿಗೆ ಹೊಲದಲ್ಲಿ ತಮ್ಮದೇ ಕೂಲಿ ಇತ್ತು. 1955ರ ಕಾಯ್ದೆಯೂ ರೂಢಿಯ ಇಂಥ ವಿಚ್ಛೇದನವನ್ನು 29ನೇ ಸೆಕ್ಷನ್ನಿನಲ್ಲಿ ಉಳಿಸಿದೆ. ಮೇಲ್ಜಾತಿಯವರು ಅದನ್ನು ಹಗುರ ಮದುವೆ ಎಂದು ಹೀಗಳೆದರು. ದುಡ್ಡು ಬಂದಮೇಲೆ ಅದೇ ದುಡಿಯುವ ಜಾತಿಗಳೂ ಅದನ್ನು ನಾಚಿಕೆಯಿಂದ ಬಿಟ್ಟವು. ಇವತ್ತು ನಾವು ಹುಟ್ಟೂರಿನ ಆ ಸರಳ ದಾರಿಯನ್ನು ಮುಚ್ಚಿ, ಹತ್ತು ವರ್ಷದ ಮೊಕದ್ದಮೆಯಿಂದ ಎದ್ದುಬಂದವಳಿಗೆ ಶಾಲು ಹೊದೆಸುತ್ತಿದ್ದೇವೆ. ಗಂಡನನ್ನು ತೊರೆದ ಅಕ್ಕಮಹಾದೇವಿಗೆ ಎಂಟುನೂರು ವರ್ಷದಿಂದ ಕೈಮುಗಿಯುತ್ತೇವೆ, ಗಂಡನನ್ನು ತೊರೆದವಳಿಗೆ ಬಾಡಿಗೆ ಮನೆ ಕೊಡುವುದಿಲ್ಲ.

ಒಂದು ಆಕ್ಷೇಪ ಇಲ್ಲಿ ಬರುತ್ತದೆ, ನ್ಯಾಯವಾದದ್ದೇ. ಆ ಹೆಂಗಸರೇ ತಮ್ಮ ಕಥೆಯನ್ನು ಗೆಲುವಿನ ಕಥೆಯಾಗಿ ಹೇಳಿಕೊಳ್ಳುತ್ತಾರಲ್ಲ, ಅವರ ಹೆಮ್ಮೆಯನ್ನು ಕಸಿಯಲು ನೀನು ಯಾರು? ಕಸಿಯುತ್ತಿಲ್ಲ. "ನಾನು ಗೆದ್ದೆ" ಎಂದು ಆಕೆ ಹೇಳಿದರೆ ಅದು ಆಕೆಯ ಗಳಿಕೆ. "ನೀನು ಗೆದ್ದೆ" ಎಂದು ನಾವು ಹೇಳಿದರೆ ಅದು ನಮ್ಮ ಜವಾಬ್ದಾರಿಯ ಮೇಲೆ ಎಳೆದ ಗೆರೆ. ಕೊಡಬೇಕಾದದ್ದು ಕೊಡದೆ, ಇಲ್ಲದೆಯೂ ಬದುಕಿದೆಯಲ್ಲ, ಭೇಷ್ ಎಂದಂತೆ.

ಇನ್ನೊಂದು ಆಕ್ಷೇಪ: ಹೆಂಗಸರು ಕಾನೂನಿನ ದುರುಪಯೋಗ ಮಾಡುತ್ತಾರೆ. ಕೆಲವರು ಮಾಡುತ್ತಾರೆ. ಚೆಕ್ಕಿನ ಕಾನೂನು, ಬಾಡಿಗೆಯ ಕಾನೂನು, ಜಮೀನಿನ ಕಾನೂನು ಎಲ್ಲದರ ದುರುಪಯೋಗವೂ ಆಗುತ್ತದೆ. ಅದಕ್ಕಾಗಿ ಯಾರೂ ಜಮೀನಿನ ಮೇಲಿನ ಹಕ್ಕು ಬೇಡ ಎನ್ನುವುದಿಲ್ಲ. ಸುಳ್ಳು ಹೇಳುವವರನ್ನು ಹಿಡಿಯುವ ದಾರಿ ಪ್ರಮಾಣಪತ್ರ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು ಎಂದಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಎಂದಿತು. ಹೆಂಡತಿ ಒಂದಿಷ್ಟು ದುಡಿಯುತ್ತಾಳೆ ಎಂಬುದೊಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಗಂಡ ಒಟ್ಟಿಗೆ ಬಾಳಬೇಕೆಂಬ ಡಿಕ್ರಿ ತಂದಿದ್ದರೂ ತಕ್ಕ ಕಾರಣವಿದ್ದು ಹೋಗದ ಹೆಂಡತಿಯ ಜೀವನಾಂಶ ತಪ್ಪುವುದಿಲ್ಲ ಎಂದೂ ಹೇಳಿದೆ.

ತೀರ್ಪುಗಳು ಒಳ್ಳೆಯವೇ. ಆದರೆ ತೀರ್ಪಿಗೂ ತಿಂಗಳ ಮೊದಲ ತಾರೀಖಿಗೂ ನಡುವೆ ಒಂದು ಹೊಳೆ ಇದೆ. 125ನೇ ಸೆಕ್ಷನ್ನಿನಡಿ ಜೀವನಾಂಶಕ್ಕೆ ಬಹುಕಾಲ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಅದು ಹೋದದ್ದು 2001ರಲ್ಲಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ ನೋಟಿಸು ತಲುಪಿದ 60 ದಿನದಲ್ಲಿ ಮುಗಿಸಬೇಕು ಎಂದು ಆಗಲೇ ಸೇರಿಸಿದರು. "ಸಾಧ್ಯವಾದಷ್ಟೂ" ಎಂಬ ಆ ಒಂದು ಪದದೊಳಗೆ ಎಷ್ಟು ತಾರೀಖುಗಳು ಕೂರುತ್ತವೆ ಎಂದು ಕೋರ್ಟಿಗೆ ಅಲೆದವರನ್ನು ಕೇಳಿ. ಆದೇಶ ಬಂದಮೇಲೂ ಗಂಡ ಕೊಡದಿದ್ದರೆ, ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅವಳೇ ಮತ್ತೆ ಅರ್ಜಿ ಹಾಕಬೇಕು. ಸಂಬಳದಿಂದ ಸಾಲದ ಕಂತು ಹಿಡಿಯಲು ಬ್ಯಾಂಕಿಗೆ ಗೊತ್ತು, ತೆರಿಗೆ ಹಿಡಿಯಲು ಸರ್ಕಾರಕ್ಕೆ ಗೊತ್ತು. ಮಗುವಿನ ಅನ್ನ ಹಿಡಿಯಲು ಮಾತ್ರ ತಾಯಿ ಕೆಲಸಕ್ಕೆ ರಜೆ ಹಾಕಿ ಕೋರ್ಟಿಗೆ ಬರಬೇಕು. ಹೈಕೋರ್ಟಿನ ಆವರಣದಲ್ಲಿ ಮನುನೀತಿ ಚೋಳನ ಪ್ರತಿಮೆ ಇದೆ. ಕರುವನ್ನು ಕಳೆದುಕೊಂಡ ಹಸುವೊಂದು ಅರಮನೆಯ ಗಂಟೆ ಎಳೆದದ್ದಕ್ಕೆ ನ್ಯಾಯ ಕೊಟ್ಟನಂತೆ ಆ ರಾಜ. ಹಸು ಒಂದೇ ಸಲ ಗಂಟೆ ಎಳೆದಿತ್ತು.

ಇನ್ನು ಹದಿನಾಲ್ಕು ವರ್ಷದ ಆ ಒಲೆಯ ಲೆಕ್ಕ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 97. ಈ ದುಡಿಮೆಯ ಮೇಲೆ ನಿಂತ ಮನೆ, ಅಂಗಡಿ, ಸೈಟು ಮಾತ್ರ ಕಾಗದದಲ್ಲಿ ಯಾರ ಹೆಸರಿದೆಯೋ ಅವರದು. ಮದುವೆಯ ಕಾಲದಲ್ಲಿ ಗಳಿಸಿದ್ದು ಇಬ್ಬರದೂ ಎನ್ನುವ ಕಾನೂನು ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಇದೆ. ಉಳಿದ ಭಾರತದ ಬಹುಭಾಗದಲ್ಲಿ ಇಲ್ಲ. 2023ರ ಜೂನ್‌ನಲ್ಲಿ ಇದೇ ಕೆಂಪು ಕಟ್ಟಡದಲ್ಲಿ ನ್ಯಾಯಮೂರ್ತಿ ಕೃಷ್ಣನ್ ರಾಮಸಾಮಿ ಅವರು ಒಂದು ಮೇಲ್ಮನವಿಯಲ್ಲಿ, ಮನೆ ನೋಡಿಕೊಂಡ ಹೆಂಡತಿಯ ದುಡಿಮೆಯಿಲ್ಲದೆ ಗಂಡ ಗಳಿಸಲಾಗುತ್ತಿರಲಿಲ್ಲ, ಆದ್ದರಿಂದ ಆ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಆಕೆಗೆ ಸಮಪಾಲಿದೆ ಎಂದು ತೀರ್ಪು ಕೊಟ್ಟರು. ಅದು ದೊಡ್ಡ ಮಾತು. ಆದರೆ ಒಬ್ಬ ನ್ಯಾಯಮೂರ್ತಿಯ ವಿವೇಕದ ಮೇಲೆ ಕೋಟ್ಯಂತರ ಹೆಂಗಸರ ಮುಪ್ಪನ್ನು ನಿಲ್ಲಿಸಲಾಗದು. ಅದನ್ನು ಶಾಸನಸಭೆ ಬರೆಯಬೇಕು. ಹೆಂಗಸರ ಖಾತೆಗೆ ತಿಂಗಳಿಗೆ ತಮಿಳುನಾಡು 1000 ರೂಪಾಯಿ, ಕರ್ನಾಟಕ 2000 ರೂಪಾಯಿ ಹಾಕಲು ಶುರುಮಾಡಿದ್ದೂ 2023ರಲ್ಲೇ. ಆ ಹಣವನ್ನು ಬಿಟ್ಟಿ ಎಂದು ಗೇಲಿ ಮಾಡುವವರು, ಮನೆಯೊಳಗೆ ಎಷ್ಟು ವರ್ಷದಿಂದ ಯಾರು ಯಾರ ದುಡಿಮೆಯನ್ನು ಬಿಟ್ಟಿಯಾಗಿ ತಿನ್ನುತ್ತಿದ್ದಾರೆ ಎಂದು ಲೆಕ್ಕ ಹಾಕಲಿ.

ಇಲ್ಲಿಯ ತನಕ ನಾನು ಗಂಡ, ಕೋರ್ಟು, ಸರ್ಕಾರ ಎಂದೆ. ಅದು ಸುಲಭ. ಕಷ್ಟದ್ದು ಕೊನೆಗೆ ಇಟ್ಟುಕೊಂಡಿದ್ದೆ: ತವರು.

ಆ ಹೆಣ್ಣುಮಗಳನ್ನು ಬೀಗ ಬದಲಾದ ದಿನ ನೀವು ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೆ. "ಎರಡು ದಿನ ಹೋಗಿದ್ದೆ ಸರ್. ಮೂರನೇ ದಿನ ಅತ್ತಿಗೆ ಕಾಫಿ ಲೋಟ ಸದ್ದು ಮಾಡಿ ಇಟ್ರು" ಎಂದರು. ಅಪ್ಪ ತೀರಿಕೊಂಡ ವರ್ಷ ಅವರು ಅಣ್ಣಂದಿರ ಹೆಸರಿಗೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರು. ನಾಲ್ಕು ಎಕರೆಯ ಬದಲಿಗೆ ಒಂದು ಸೀರೆ, ಅರಿಶಿನ ಕುಂಕುಮ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ, ಆಗಿನ್ನೂ ಮದುವೆಯಾಗದವರಿಗೆ ಕೊಟ್ಟವು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ತಿದ್ದುಪಡಿಯ ದಿನ ಅಪ್ಪ ಬದುಕಿರಲಿ ಬಿಡಲಿ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಗೊಂದಲ ಬಗೆಹರಿಸಿತು. ಕಾನೂನು ಒಂದೊಂದು ಬಾಗಿಲು ತೆರೆದಾಗಲೂ ನಾವು ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು, ಊಟ ಹಾಕಿಸಿ, ಆ ಬಾಗಿಲನ್ನು ಅವರ ಕೈಯಿಂದಲೇ ಮುಚ್ಚಿಸಿದೆವು. ಪತ್ರದ ಹೆಸರು ನೋಡಿ, ಹಕ್ಕುಬಿಡುಗಡೆ. ನಮ್ಮ ಹೆಣ್ಣುಮಕ್ಕಳಿಗೆ ತಕರಾರಿಲ್ಲದೆ, ತಡವಿಲ್ಲದೆ, ಒಂದೇ ದಿನದಲ್ಲಿ ಸಿಗುವ ಬಿಡುಗಡೆ ಅದೊಂದೇ.

ಅಂಥ ಒಂದು ಪತ್ರದ ಕರಡು ನಾನೇ ತಿದ್ದಿದ್ದೇನೆ. ಒಂಬತ್ತು ವರ್ಷದ ಹಿಂದೆ, ನಮ್ಮ ಮನೆಯಲ್ಲೇ. ಭಾಷೆ ಓದಿದವನು ಎಂದು ಅಣ್ಣ ನನ್ನ ಕೈಗೆ ಕೊಟ್ಟ. "ಸ್ವ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು, ಸರಿಮಾಡಿದೆ. ಅಕ್ಕ ಓದದೆ ಸಹಿ ಹಾಕಿದಳು. ಅವಳ ಸಂಸಾರ ಚೆನ್ನಾಗಿದೆ, ಅವಳಿಗೆ ಏನು ಕೊರತೆ ಎಂದುಕೊಂಡೆವು. ಪಾಲು ಸಂಸಾರ ಕೆಟ್ಟಮೇಲೆ ಕೊಡುವ ಪರಿಹಾರ ಎಂದು ನಾವು ತಿಳಿದಿದ್ದೆವು. ಕೆಟ್ಟರೆ ಬರಬಹುದು ಎಂಬ ಧೈರ್ಯವೇ ಪಾಲು ಎಂದು ನನಗೆ ತಂಬು ಚೆಟ್ಟಿ ಬೀದಿಯಲ್ಲಿ ಇನ್ನೊಬ್ಬರ ಅಕ್ಕ ಕಲಿಸಬೇಕಾಯಿತು.

ಈ ಯುಗಾದಿಗೆ ಅಕ್ಕನಿಗೆ ಫೋನ್ ಮಾಡಿ ನನ್ನ ಭಾಗದ ಅರ್ಧ ನಿನ್ನ ಹೆಸರಿಗೆ ಬರೆಸುತ್ತೇನೆ ಎಂದೆ. "ಬೇಡ ಬಿಡೋ, ಸುಮ್ನೆ ಸಂಬಂಧ ಕೆಡ್ಸ್ಕೋಬೇಡ" ಎಂದಳು. ಅಷ್ಟರಲ್ಲೇ ಎಲ್ಲ ಇದೆ. ಪಾಲು ಕೇಳದಿದ್ದರೆ ಮಾತ್ರ ಉಳಿಯುವ ಸಂಬಂಧವನ್ನು ನಾವು ಅವಳಿಗೆ ಕೊಟ್ಟಿದ್ದೇವೆ, ಅದನ್ನು ತವರು ಎಂದು ಕರೆದಿದ್ದೇವೆ. ನಾನು ಬಿಟ್ಟಿಲ್ಲ. ಕರಡು ಸಿದ್ಧವಾಗಿದೆ, ಈ ಸಲ ಅವಳಿಂದ ಓದಿಸಿಯೇ ನೋಂದಣಿಗೆ ಹೋಗುವುದು. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಲ ನಿಮ್ಮ ಫೋನಿಗೆ ಅಂಥ ಒಂದು ಕಥೆ ಬಂದಾಗ ಕಣ್ಣೊರೆಸಿಕೊಳ್ಳುವ ಮೊದಲು ನಿಮ್ಮ ಮನೆಯ ಕಾಗದದ ಪೆಟ್ಟಿಗೆ ತೆಗೆಯಿರಿ. ಹಕ್ಕುಬಿಡುಗಡೆ ಪತ್ರ ಇದೆಯೇ ನೋಡಿ. ಮನೆ ಯಾರ ಹೆಸರಿನಲ್ಲಿದೆ ನೋಡಿ. ಗಂಡ ಬಿಟ್ಟವಳೋ ಗಂಡನನ್ನು ಬಿಟ್ಟವಳೋ ಬಾಡಿಗೆ ಕೇಳಿ ಬಂದಾಗ ನೀವು ಏನು ಹೇಳಿದಿರಿ, ನೆನಪಿಸಿಕೊಳ್ಳಿ. ನಿಮ್ಮ ಶಾಸಕರು ವೋಟು ಕೇಳಲು ಬಂದಾಗ, ಮದುವೆಯ ಕಾಲದ ಗಳಿಕೆಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆ ಯಾವಾಗ ತರುತ್ತೀರಿ ಎಂದು ಒಮ್ಮೆ ಕೇಳಿ.

ಕಳೆದ ತಿಂಗಳು ಆ ಹೆಣ್ಣುಮಗಳು ಫೋನ್ ಮಾಡಿದ್ದರು. ಮಧ್ಯಂತರ ಜೀವನಾಂಶದ ಆದೇಶ ಬಂದಿದೆ, ದುಡ್ಡು ಇನ್ನೂ ಬಂದಿಲ್ಲ. ಹಬ್ಬಕ್ಕೆ ಇನ್ನೂರು ಹೋಳಿಗೆಯ ಆರ್ಡರ್ ಇದೆ, ಬೇಳೆ ಬೇಯಿಸುತ್ತಿದ್ದೇನೆ ಎಂದರು. ನನ್ನ ಬಾಯಿಗೆ ಆ ಪದ ಬಂತು. ನುಂಗಿಕೊಂಡೆ. ಬದಲಿಗೆ, ಬಾಕಿ ವಸೂಲಿಯ ಅರ್ಜಿಗೆ ಒಂದು ವರ್ಷದ ಗಡುವಿದೆ, ತಾರೀಖು ಬರೆದಿಟ್ಟುಕೊಳ್ಳಿ ಎಂದೆ.

"ಬರ್ದಿಟ್ಕೊಂಡಿದೀನಿ ಸರ್" ಎಂದರು.